ಒಂದೇ ಪೆಟ್ಟಿಗೆಯಲ್ಲಿ ಹಲವು ಸರ್ಕ್ಯೂಟ್‌ಗಳಿಗೆ ಡಿಮ್ಮರ್ ಅಳವಡಿಕೆ: ಗ್ರಾಹಕರು ಗಮನಿಸಬೇಕಾದ ಅಂಶಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದ್ದು, ಇಲ್ಲಿನ ವಿದ್ಯುತ್ ವಿತರಣೆಯನ್ನು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ (ಬೆಸ್ಕಾಂ) ನಿರ್ವಹಿಸುತ್ತದೆ. ಮನೆ, ಕಲ್ಯಾಣ ಮಂಟಪ, ಸಮುದಾಯ ಭವನ ಮುಂತಾದೆಡೆ ದೀಪಗಳ ಬೆಳಕನ್ನು ನಿಯಂತ್ರಿಸುವ ಡಿಮ್ಮರ್‌ಗಳನ್ನು ಅಳವಡಿಸಲು ಬಯಸುವ ಗ್ರಾಹಕರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

ಕಾಮಗಾರಿಯನ್ನು ಯಾರು ನಿರ್ವಹಿಸಬೇಕು?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ವಿನಿಯಮಗಳಂತೆ, ಸ್ಥಾವರದ ಸಾಮರ್ಥ್ಯ ಅಥವಾ ಸ್ವರೂಪವನ್ನು ಬದಲಿಸದ ದೀಪ, ಫ್ಯೂಸ್, ಸ್ವಿಚ್ಚುಗಳ ಬದಲಾವಣೆಯನ್ನು ಹೊರತುಪಡಿಸಿ, ಉಳಿದ ವೈರಿಂಗ್ ಕಾಮಗಾರಿಗಳನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ, ಅರ್ಹ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ ಮಾಡಿಸತಕ್ಕದ್ದು. ಹೊಸ ಸರ್ಕ್ಯೂಟ್‌ಗಳನ್ನು ಎಳೆದು ಡಿಮ್ಮರ್ ಕೂರಿಸುವುದು ಈ ವರ್ಗಕ್ಕೆ ಸೇರುತ್ತದೆ.

ಮುಖ್ಯ ಅಪಾಯಗಳು

1. ಉಳಿದಿರುವ ವಿದ್ಯುತ್: ಒಂದೇ ಪೆಟ್ಟಿಗೆಗೆ ಹಲವು ಸರ್ಕ್ಯೂಟ್‌ಗಳು ಬಂದಾಗ, ಒಂದರ ಎಂ.ಸಿ.ಬಿ. ಇಳಿಸಿದರೂ ಉಳಿದವುಗಳಲ್ಲಿ ವಿದ್ಯುತ್ ಇರುತ್ತದೆ. ಡಿಮ್ಮರ್‌ನ ಗುಂಡಿಯನ್ನು ಕಡೆಯವರೆಗೆ ತಿರುಗಿಸಿದ ಮಾತ್ರಕ್ಕೆ ವಿದ್ಯುತ್ ಸಂಪರ್ಕ ಕಡಿತವಾದಂತಲ್ಲ. ಆದುದರಿಂದ ಪೆಟ್ಟಿಗೆ ತೆರೆಯುವ ಮುನ್ನ ಸಂಬಂಧಿತ ಎಲ್ಲ ಎಂ.ಸಿ.ಬಿ.ಗಳನ್ನು ಇಳಿಸಿ, ಪರೀಕ್ಷಿಸಿ ನೋಡಬೇಕು. ಪ್ರತಿ ಸರ್ಕ್ಯೂಟ್‌ನ ಸಂಖ್ಯೆಯನ್ನು ವಿತರಣಾ ಬೋರ್ಡ್ ಮತ್ತು ಪೆಟ್ಟಿಗೆ ಎರಡರಲ್ಲೂ ಬರೆದಿರಬೇಕು.

2. ಬೇರೆ ಬೇರೆ ಫೇಸ್‌ಗಳು: ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಒಂದು ಪೆಟ್ಟಿಗೆಯ ಡಿಮ್ಮರ್‌ಗಳೆಲ್ಲವೂ ಒಂದೇ ಫೇಸ್‌ನಿಂದ ಬರುವಂತೆ ಯೋಜಿಸುವುದು ಸೂಕ್ತ.

3. ನ್ಯೂಟ್ರಲ್: ಪ್ರತಿ ಸರ್ಕ್ಯೂಟ್‌ಗೂ ಪ್ರತ್ಯೇಕ ನ್ಯೂಟ್ರಲ್ ತಂತಿ ಇರಬೇಕು. ಒಂದು ಸರ್ಕ್ಯೂಟ್‌ನ ನ್ಯೂಟ್ರಲ್ ಅನ್ನು ಮತ್ತೊಂದಕ್ಕೆ ಸೇರಿಸಿದರೆ ತಂತಿ ಮಿತಿಮೀರಿ ಕಾಯಬಹುದು, ಆರ್.ಸಿ.ಸಿ.ಬಿ. ಅಕಾರಣವಾಗಿ ಬೀಳಬಹುದು. ಮೂರು ಫೇಸ್ ಸ್ಥಾವರಗಳಲ್ಲಿ ಡಿಮ್ಮರ್‌ಗಳು ಉಂಟುಮಾಡುವ 150 ಹರ್ಟ್ಸ್ ಪ್ರವಾಹವು ಮುಖ್ಯ ನ್ಯೂಟ್ರಲ್‌ನಲ್ಲಿ ರದ್ದಾಗದೆ ಕೂಡಿಕೊಳ್ಳುತ್ತದೆ. ಆದ್ದರಿಂದ ಮುಖ್ಯ ನ್ಯೂಟ್ರಲ್ ತಂತಿಯು ಫೇಸ್ ತಂತಿಗಿಂತ ಸಣ್ಣದಾಗಿರಬಾರದು. ಆ ತಂತಿ ಕಡಿದುಹೋದಲ್ಲಿ 230 ವೋಲ್ಟ್ ಉಪಕರಣಗಳಿಗೆ ಅಧಿಕ ವೋಲ್ಟೇಜ್ ತಗುಲುವ ಸಂಭವವಿರುತ್ತದೆ.

4. ಶಾಖ: ಅಕ್ಕಪಕ್ಕ ಕೂರಿಸಿದ ಡಿಮ್ಮರ್‌ಗಳ ಶಾಖ ಹೊರಹೋಗುವುದು ಕಡಿಮೆಯಾಗುವುದರಿಂದ, ತಯಾರಕರು ಸೂಚಿಸಿದಷ್ಟು ಸಾಮರ್ಥ್ಯವನ್ನು ತಗ್ಗಿಸಿ ಲೆಕ್ಕ ಹಾಕಬೇಕು. ಎಲ್.ಇ.ಡಿ. ದೀಪಗಳಿಗೆ ನಮೂದಿಸಿರುವ ಮಿತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಡಿಮ್ಮರ್‌ಗೆ ಹೊಂದುವುದೆಂದು ನಮೂದಿಸಿರದ ಎಲ್.ಇ.ಡಿ. ದೀಪಗಳನ್ನಾಗಲೀ, ಫ್ಯಾನ್‌ಗಳನ್ನಾಗಲೀ ದೀಪದ ಡಿಮ್ಮರ್‌ಗೆ ಜೋಡಿಸಬಾರದು.

ಸರ್ಕ್ಯೂಟ್‌ನ ಮಿತಿ

2011ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ದೀಪ ಮತ್ತು ಫ್ಯಾನ್‌ಗಳ ಒಂದು ಉಪ ಸರ್ಕ್ಯೂಟ್‌ಗೆ ಗರಿಷ್ಠ 10 ಪಾಯಿಂಟ್‌ಗಳು ಹಾಗೂ 800 ವಾಟ್ ಎಂದು ಸೂಚಿಸಿತ್ತು. ಡಿಮ್ಮರ್ ಅಳವಡಿಸಿದ ಕಾರಣಕ್ಕೆ ಇಂತಹ ಮಿತಿ ಹೆಚ್ಚುವುದಿಲ್ಲ.

ಅರ್ಜಿ ಸಲ್ಲಿಕೆ

ಹೊಸ ದೀಪಗಳಿಂದ ಒಟ್ಟು ವಿದ್ಯುತ್ ಭಾರವು ಮಂಜೂರಾದ ಭಾರವನ್ನು ಮೀರುವುದಾದರೆ, ಗ್ರಾಹಕರು ಹೆಚ್ಚುವರಿ ಭಾರದ ಮಂಜೂರಾತಿಗಾಗಿ ತಮ್ಮ ವ್ಯಾಪ್ತಿಯ ಬೆಸ್ಕಾಂ ಉಪ ವಿಭಾಗ ಕಚೇರಿಗೆ ಅರ್ಜಿ ಸಲ್ಲಿಸುವುದು. ಕಾಮಗಾರಿ ಮುಗಿದ ನಂತರ ಗುತ್ತಿಗೆದಾರರಿಂದ ಪೂರ್ಣಗೊಂಡ ವರದಿ, ಪರೀಕ್ಷಾ ವರದಿ ಹಾಗೂ ಸರ್ಕ್ಯೂಟ್‌ಗಳ ನಕ್ಷೆಯನ್ನು ಪಡೆದು ಇಟ್ಟುಕೊಳ್ಳುವುದು. ಮುಂದೆ ದುರಸ್ತಿಗೆ ಬರುವ ಕೆಲಸಗಾರರ ಪ್ರಾಣರಕ್ಷಣೆಗೆ ಈ ನಕ್ಷೆಯು ನೆರವಾಗುತ್ತದೆ. ವಿದ್ಯುತ್ ಸರಬರಾಜಿಗೆ ಸಂಬಂಧಿಸಿದ ದೂರುಗಳಿಗೆ ಬೆಸ್ಕಾಂ ಸಹಾಯವಾಣಿ 1912 ಅನ್ನು ಸಂಪರ್ಕಿಸಬಹುದಾಗಿದೆ.