ಡೀಸೆಲ್ ಗಾಡಿಯ ರೋಗ ಹಿಡಿಯುವ ಕಥೆ: ಕಿವಿಯಿಂದ ಕೋಡ್‌ವರೆಗೆ

ಹಳೆಯ ಡೀಸೆಲ್ ಇಂಜಿನ್ ಓಡಲು ಕರೆಂಟೇ ಬೇಕಿರಲಿಲ್ಲ. ಬ್ಯಾಟರಿ ಸತ್ತಿದ್ದರೆ ನಾಲ್ಕು ಜನ ಸೇರಿ ತಳ್ಳುತ್ತಿದ್ದರು. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಅದೂ ಬೇಡ. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಡೀಸೆಲ್ ಮುಗಿಯುವವರೆಗೂ ಓಡುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ಆಫ್ ಮಾಡಲು ಕೀ ತಿರುಗಿಸಿದರೆ ಸಾಲದು, ಸ್ಟಾಪ್ ನಾಬ್ ಹಿಡಿದು ಎಳೆಯಬೇಕಿತ್ತು. ಈಗಿನ ಡೀಸೆಲ್ ಕಾರಿನಲ್ಲಿ ಕೂದಲಿಗಿಂತ ಸ್ವಲ್ಪ ದಪ್ಪದ ಒಂದು ವೈರನ್ನು ಇಲಿ ಕಡಿದರೆ ಸಾಕು, ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ.

ನಮ್ಮ ಊರುಗಳಲ್ಲಿ ಈ ಬದಲಾವಣೆ ಆಗಿದ್ದು ಹೆಚ್ಚುಕಡಿಮೆ ಇಪ್ಪತ್ತೇ ವರ್ಷಗಳಲ್ಲಿ. ಇದರಲ್ಲಿ ಹಳೆಯ ಮೆಕ್ಯಾನಿಕ್‌ಗಳ ವಿದ್ಯೆ ಪೂರಾ ಕೆಲಸಕ್ಕೆ ಬಾರದಂತಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಎಲ್ಲ ಆಟವೂ ಡೀಸೆಲನ್ನು ಯಾವಾಗ, ಎಷ್ಟು ಬಿಡಬೇಕು ಎನ್ನುವುದರಲ್ಲಿದೆ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ಗೆಲುವು ಕಂಡ ಇಂಜಿನ್ ಆಳೆತ್ತರ ಮೀರಿದ ಯಂತ್ರ, ಕಾರಿಗೆ ಕೂರಿಸುವಂಥದ್ದಲ್ಲ. ಅದನ್ನು ರಸ್ತೆಗೆ ಇಳಿಸಿದ್ದು ರಾಬರ್ಟ್ ಬಾಷ್ ಅವರ ಕಾರ್ಖಾನೆ 1927ರಲ್ಲಿ ತಯಾರಿಸಲು ಶುರುಮಾಡಿದ ಇಂಜೆಕ್ಷನ್ ಪಂಪು. ಆಮೇಲೆ ಲಾರಿಗೂ ಕಾರಿಗೂ ಡೀಸೆಲ್ ಬಂತು.

ಆ ಪಂಪು ನಮ್ಮ ರಾಜ್ಯಕ್ಕೂ ಬಂತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಜನರ ಬಾಯಲ್ಲಿ ಮೈಕೋ. ಆಡುಗೋಡಿಯ ಈ ಕಾರ್ಖಾನೆಯ ಪಂಪು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆಲ್ಲ ಹೋಯಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಬೆಂಗಳೂರಿನಲ್ಲಿ ಮೈಕೋ ಲೇಔಟ್ ಹಾಗೇ ಇದೆ, ಹಳೆ ಡ್ರೈವರ್‌ಗಳಿಗೆ ಅದು ಇವತ್ತಿಗೂ ಮೈಕೋ ಪಂಪೇ.

ಆ ಕಾಲದಲ್ಲಿ ರೋಗ ಹಿಡಿಯುತ್ತಿದ್ದ ರೀತಿ ನೋಡಿ. ಹೊಗೆ ಕಪ್ಪಗಿದ್ದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಇಂಜಿನ್ ಮಿಸ್ ಹೊಡೆಯುತ್ತಿದ್ದರೆ ಮೆಕ್ಯಾನಿಕ್ ಸ್ಪ್ಯಾನರ್ ತೆಗೆದುಕೊಂಡು, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗಲೇ, ಪಂಪಿನಿಂದ ನಾಜಲ್‌ಗೆ ಹೋಗುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲ ಮಾಡುತ್ತಿದ್ದ. ಸಡಿಲ ಮಾಡಿದಾಗ ಇಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರ್ ಸರಿಯಿದೆ. ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಒಂದನ್ನು ಬೇರ್ಪಡಿಸು, ಏನು ಬದಲಾಯಿತು ನೋಡು. ಅಷ್ಟೇ ವಿದ್ಯೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ದೊಡ್ಡ ತಿರುವು ಇಟಲಿಯಿಂದ ಬಂತು. ಫಿಯಟ್ ಕಂಪನಿಯ ಎಂಜಿನಿಯರುಗಳು ಒಂದೇ ದಪ್ಪ ಪೈಪಿನಲ್ಲಿ ಡೀಸೆಲನ್ನು ಭಾರಿ ಒತ್ತಡದಲ್ಲಿ ತುಂಬಿಟ್ಟು, ಪ್ರತಿ ಇಂಜೆಕ್ಟರ್‌ಗೆ ಕಂಪ್ಯೂಟರ್‌ನಿಂದ ಕರೆಂಟು ಕೊಟ್ಟು ತೆರೆಯುವ ವ್ಯವಸ್ಥೆ ಮಾಡಿದರು. ಅದೇ ಕಾಮನ್ ರೈಲ್. ಅದನ್ನು ಮುಂದುವರಿಸಿ ಮಾರುಕಟ್ಟೆಗೆ ತರುವ ಹಕ್ಕನ್ನು ಫಿಯಟ್ ಬಾಷ್‌ಗೆ ಮಾರಿತು. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಅದು ರಸ್ತೆಗೆ ಬಂತು. ನಮ್ಮಲ್ಲಿ 2007ರ ಡೀಸೆಲ್ ಸ್ವಿಫ್ಟ್, ಆಮೇಲೆ ಬಂದ ಡಿಸೈರ್, ಇಂಡಿಕಾ ವಿಸ್ಟಾ ಮೂರರಲ್ಲೂ ಫಿಯಟ್ಟಿನದೇ 1.3 ಲೀಟರ್ ಇಂಜಿನ್. ಟ್ಯಾಕ್ಸಿ ಓಡಿಸಿದವರಿಗೆ ಬೇರೆ ಹೇಳಬೇಕಿಲ್ಲ.

ಕಾರಿನ ಟಯರಿನಲ್ಲಿ ಇರುವ ಒತ್ತಡ ಸುಮಾರು 2 ಬಾರ್. ಮೊದಲ ಕಾಮನ್ ರೈಲ್ ಗಾಡಿಗಳಲ್ಲೇ ಅದು 1350 ಬಾರ್‌ವರೆಗೆ ಹೋಗುತ್ತಿತ್ತು, ಈಗ 2000 ದಾಟಿದೆ. ಇಂಥ ಗಾಡಿ ಓಡುತ್ತಿರುವಾಗ ಹಳೆ ರೂಢಿಯಲ್ಲಿ ಪೈಪಿನ ನಟ್ ಸಡಿಲ ಮಾಡಲೇಬೇಡಿ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಒಳಗೆ ಮಾಂಸ ಕೊಳೆತು ಕೈಯನ್ನೇ ಕತ್ತರಿಸುವ ಪರಿಸ್ಥಿತಿ ಬರಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಸುಮ್ಮನಿರಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಹೀಗೆ ಸ್ಪ್ಯಾನರ್ ಹೋಗಿ ಸ್ಕ್ಯಾನರ್ ಬಂತು. ಆದರೆ ಸ್ಕ್ಯಾನರ್ ಹುಟ್ಟಿದ್ದು ಮೆಕ್ಯಾನಿಕ್‌ಗಾಗಿ ಅಲ್ಲ, ಹೊಗೆಗಾಗಿ. ಅಮೆರಿಕದ ಲಾಸ್ ಏಂಜಲೀಸ್ ಊರು ವಾಹನಗಳ ಹೊಗೆಯಿಂದ ಉಸಿರು ಕಟ್ಟಿದಾಗ ಕ್ಯಾಲಿಫೋರ್ನಿಯಾ ಸರ್ಕಾರ, ಹೊಗೆ ಹೆಚ್ಚಿಸುವ ದೋಷವನ್ನು ಕಾರೇ ಪತ್ತೆಮಾಡಿ ಹೇಳಬೇಕು ಎಂದು 1988ರ ಮಾದರಿ ಕಾರುಗಳಿಂದ ನಿಯಮ ತಂದಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ನಮೂನೆಯ 16 ಪಿನ್‌ಗಳ ಸಾಕೆಟ್, ಒಂದೇ ನಮೂನೆಯ ಕೋಡ್ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಕಾರುಗಳಿಗೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೇ ಹಂತ ಬಂತು. ನಿಮ್ಮ ಸ್ಟೇರಿಂಗ್ ಕೆಳಗೆ ಕೈಹಾಕಿದರೆ ಸಿಗುವ ಸಾಕೆಟ್ ಅದೇ.

ಈ ಹುಟ್ಟಿನ ಕಥೆ ಗೊತ್ತಿಲ್ಲದ್ದರಿಂದಲೇ ನಮ್ಮ ಜನರ ದುಡ್ಡು ಹೋಗುತ್ತಿದೆ. ಕೋಡ್ ಎಂದರೆ ದೂರು, ತೀರ್ಪಲ್ಲ. ಉದಾಹರಣೆಗೆ ಪಿ0193 ಎಂಬ ಕೋಡ್. ರೈಲ್ ಪ್ರೆಶರ್ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದಷ್ಟೇ ಅದರ ಅರ್ಥ. ಸೆನ್ಸರ್ ಹೋಗಿದೆ ಎಂದು ಅದು ಹೇಳುವುದೇ ಇಲ್ಲ. ಆ ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ವೈರು: 5 ವೋಲ್ಟ್ ಬರುವುದು ಒಂದು, ಅರ್ತ್ ಒಂದು, ಒತ್ತಡ ಎಷ್ಟೆಂದು ಹೇಳುವ ಸಿಗ್ನಲ್ ಒಂದು. ಅರ್ತ್ ವೈರನ್ನು ಇಲಿ ಕಡಿದಿದ್ದರೂ ಸಿಗ್ನಲ್ ಮೇಲಕ್ಕೆ ಹೋಗಿ ಇದೇ ಕೋಡ್ ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ಸೆನ್ಸರ್ ಹಾಕಿದರೂ ಲೈಟ್ ಆರುವುದಿಲ್ಲ. ಆಮೇಲೆ ಪಂಪು ಬದಲಿಸಿ ಎನ್ನುತ್ತಾರೆ. ಅದೂ ಆದಮೇಲೆ ಕಂಪ್ಯೂಟರ್ ಹೋಗಿದೆ ಎನ್ನುತ್ತಾರೆ. ಬೇಕಿದ್ದದ್ದು ಒಂದು ಮಲ್ಟಿಮೀಟರ್, ಒಂದು ಗೇಣು ವೈರು.

ಒಮ್ಮೊಮ್ಮೆ ನಾಲ್ಕೈದು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬರುತ್ತವೆ. ನಾಲ್ಕೂ ಒಂದೇ ರಾತ್ರಿ ಸತ್ತವೇ? ಮೊದಲು ಬ್ಯಾಟರಿ ನೋಡಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 10ಕ್ಕಿಂತ ತುಂಬಾ ಕೆಳಗೆ ಬಿದ್ದರೆ ಕಂಪ್ಯೂಟರ್ ಏನೇನೋ ಹಲುಬುತ್ತದೆ. ಬ್ಯಾಟರಿ ಸರಿಯಿದ್ದರೆ, ಆ ಸೆನ್ಸರ್‌ಗಳೆಲ್ಲ ಒಂದೇ 5 ವೋಲ್ಟ್ ಲೈನ್ ಹಂಚಿಕೊಂಡಿರಬಹುದು. ಒಂದು ಶಾರ್ಟ್ ಆದರೆ ಎಲ್ಲವೂ ಕುರುಡಾಗುತ್ತವೆ. ಆಗ ಕೀ ಆನ್ ಇಟ್ಟು, ಆ ಲೈನಿಗೆ ಮೀಟರ್ ಹಿಡಿದು, ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚುತ್ತಾ ಹೋಗಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಕಳ್ಳ ಅಲ್ಲೇ. ಒಂದೂ ಬರದಿದ್ದರೆ ವೈರಿಂಗ್ ಹಿಡಿದು ಹೋಗಬೇಕು. ಪೈಪಿನ ನಟ್ ಸಡಿಲ ಮಾಡುತ್ತಿದ್ದ ಅಜ್ಜನಿಗೆ ಇದನ್ನು ತೋರಿಸಿದರೆ, ಇದು ನನ್ನದೇ ವಿದ್ಯೆ ಅನ್ನುತ್ತಾನೆ. ವೈರಿಂಗನ್ನು ಕೈಯಿಂದ ಅಲುಗಾಡಿಸುತ್ತಾ ಸ್ಕ್ಯಾನರ್‌ನಲ್ಲಿ ಅಂಕಿ ಕುಣಿಯುತ್ತದಾ ನೋಡುವುದೂ ಅಂಥದ್ದೇ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಅನುಭವಸ್ಥರು ಮೊದಲು ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡುತ್ತಾರೆ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆ ತೋರಿಸಿದರೆ ಅನುಮಾನ ಗಟ್ಟಿ. ಆಗಲೂ ಸೆನ್ಸರ್ ಬಿಚ್ಚುವ ಮೊದಲು ಅದರ ವೈರು.

ಹಾಗಾದರೆ ತೊಂದರೆ ಎಲ್ಲಿದೆ? ವಿದ್ಯೆಯಲ್ಲಲ್ಲ, ಮಾಹಿತಿಯಲ್ಲಿ. ಬ್ಲೂಟೂತ್‌ನಿಂದ ಫೋನಿಗೆ ಸೇರುವ ಅಗ್ಗದ ಸಾಧನ ಸಾಮಾನ್ಯ ಕೋಡ್‌ಗಳನ್ನು ಓದುತ್ತದೆ, ಕಂಪನಿಯ ಖಾಸಗಿ ಕೋಡ್‌ಗಳನ್ನು ಹಲವು ಸಲ ಓದುವುದಿಲ್ಲ. ಯಾವ ಬಣ್ಣದ ವೈರು ಯಾವ ಪಿನ್ನಿಗೆ ಹೋಗುತ್ತದೆ ಎನ್ನುವ ನಕ್ಷೆ ಕಂಪನಿ ಬಳಿ ಇರುತ್ತದೆ, ಊರಿನ ಗ್ಯಾರೇಜಿನಲ್ಲಿ ಇರುವುದಿಲ್ಲ. ಇದರ ಬಗ್ಗೆ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ದುರಸ್ತಿಯ ಕೈಪಿಡಿ, ದೋಷ ಹುಡುಕುವ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಿ ಎಂದಿತು. ಕಂಪನಿಗಳು ಮೇಲ್ಮನವಿಗೆ, ಕೋರ್ಟಿಗೆ ಹೋದವು. ಅದಕ್ಕೂ ಎರಡು ವರ್ಷ ಮೊದಲು, 2012ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನೇ ಕಾನೂನು ಮಾಡಿತ್ತು.

2020ರ ಏಪ್ರಿಲ್‌ನಿಂದ ಬಿಎಸ್-6 ಬಂದಮೇಲೆ ಡೀಸೆಲ್ ಗಾಡಿಯ ಸೈಲೆನ್ಸರ್ ಕಡೆಗೂ ಸೆನ್ಸರ್‌ಗಳು ಬಂದಿವೆ, ವೈರು ಇನ್ನೂ ಉದ್ದವಾಗಿದೆ. ಮುಂದಿನ ಸಲ ಗ್ಯಾರೇಜಿನಲ್ಲಿ ಸೆನ್ಸರ್ ಹೋಗಿದೆ ಎಂದರೆ ಎರಡು ಪ್ರಶ್ನೆ ಕೇಳಿ: ಕೋಡ್ ನಂಬರ್ ಯಾವುದು, ಆ ಕಪ್ಲರ್ ಬಿಚ್ಚಿ ಮೀಟರ್ ಇಟ್ಟಾಗ ಎಷ್ಟು ವೋಲ್ಟ್ ಬಂತು? ಎರಡನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.