ಅಡ್ಮಿಷನ್ ಆಯ್ತು, ಪರೀಕ್ಷೆ ಅರ್ಜಿ ಹಾಕಿದ್ರಾ?

ಕಲಬುರಗಿ: ಗುಲಬರ್ಗಾ ವಿಶ್ವವಿದ್ಯಾಲಯ ವ್ಯಾಪ್ತಿಯ ಕಾಲೇಜುಗಳಲ್ಲಿ ಪದವಿಗೆ ಸೇರಿದ ಹೊಸ ವಿದ್ಯಾರ್ಥಿಗಳು ನೆನಪಿಡಬೇಕಾದ್ದು ಇಷ್ಟೇ: ಪ್ರವೇಶ ಬೇರೆ, ಪರೀಕ್ಷೆ ನೋಂದಣಿ ಬೇರೆ. ಎರಡೂ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲೇ ನಡೆಯುತ್ತವೆ.

ಮೊದಲು ಭಾಷೆ, ಐಚ್ಛಿಕ ವಿಷಯ ಸರಿಯಾಗಿ ದಾಖಲಾಗಿವೆಯೇ ನೋಡಿಕೊಳ್ಳಿ. ಆಮೇಲೆ ಪ್ರತಿ ಸೆಮಿಸ್ಟರ್‌ಗೂ ಪರೀಕ್ಷೆ ಅರ್ಜಿ ತುಂಬಿ ಶುಲ್ಕ ಕಟ್ಟಬೇಕು. ಮುಂದೆ ಯಾವುದಾದರೂ ವಿಷಯ ಬಾಕಿ ಉಳಿದರೆ ಅದಕ್ಕೂ ಅರ್ಜಿ ಬೇಕು. ದುಡ್ಡು ಕಟ್ಟಿದ್ರೆ ಕೆಲಸ ಮುಗೀತು ಅಂದ್ಕೋಬೇಡಿ. ಕಾಲೇಜಿನ ಅನುಮೋದನೆ ಸಿಕ್ಕಿದೆಯೇ ವಿಚಾರಿಸಿ, ಇಲ್ಲದಿದ್ದರೆ ಹಾಲ್ ಟಿಕೆಟ್‌ಗೆ ತೊಂದರೆ.

ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯವರು ತಮ್ಮ ನಂಬರ್ ಹಾಕದೆ ವಿದ್ಯಾರ್ಥಿಯ ಮೊಬೈಲ್ ನಂಬರನ್ನೇ ಹಾಕಬೇಕು. ಒಟಿಪಿ ಬರೋದು ಅದಕ್ಕೇ. ತಪ್ಪಾಗಿದ್ದರೆ ಕಮಲಾಪುರದಿಂದ ಬಸ್ ಹತ್ತಿ ವಿಶ್ವವಿದ್ಯಾಲಯಕ್ಕೆ ಓಡುವ ಮುಂಚೆ ನಿಮ್ಮ ಕಾಲೇಜಿನ ಆಫೀಸಿನಲ್ಲೇ ಕೇಳಿ. ಕೊನೆಯ ದಿನಕ್ಕೆ ಕಾಯಬೇಡಿ.