ಒಂಬತ್ತನೇ ತುಂಡು

ಪಿಯುಸಿ ರಜೆ. ಶಿಕಾರಿಪುರದ ನೆಟ್ ಸೆಂಟರಿನಲ್ಲಿ ಕೂತು ಒಂದು ಗೇಮನ್ನು ಹದಿನಾಲ್ಕು ತುಂಡುಗಳಲ್ಲಿ ಇಳಿಸಿಕೊಂಡಿದ್ದೆ. ಪೆನ್ ಡ್ರೈವ್ ಜೇಬಿಗಿಟ್ಟು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದು ಮನೆಯಲ್ಲಿ ಬಿಚ್ಚಿದರೆ ಒಂಬತ್ತನೆಯದು ಕೆಟ್ಟಿತ್ತು! "ಎಲ್ಲಾ ಮತ್ತೆ ಇಳಿಸ್ಬೇಕಾ ಅಣ್ಣಾ?" ತಮ್ಮನ ಅಳುಮೋರೆ. ಬೇಡ ಮಾರಾಯ, ಅದೊಂದೇ ಸಾಕು. ತುಂಡು ಮಾಡುವುದೇ ಅದಕ್ಕೆ.

ಈ ಪದ್ಧತಿ ಫ್ಲಾಪಿ ಕಾಲದ್ದು. ಅದರಲ್ಲಿ ಹಿಡಿಯುತ್ತಿದ್ದುದೇ 1.44 ಎಂಬಿ. 1993ರ ಡೂಮ್ ಗೇಮಿನ ಉಚಿತ ಭಾಗವೂ ಒಂದು ಫ್ಲಾಪಿಗೆ ಹೆಚ್ಚಾಗಿತ್ತು. ಅದೇ ವರ್ಷ ರಷ್ಯಾದ ಯೂಜೀನ್ ರೊಷಾಲ್ 'ರಾರ್' ತಂದರು. ಅದು ಫೈಲನ್ನು ಹಿಂಡಿ, ಹೇಳಿದ ಅಳತೆಗೆ ಕತ್ತರಿಸಿ, ತುಂಡುತುಂಡಿಗೂ ಚೆಕ್‌ಸಮ್ ಎಂಬ ಲೆಕ್ಕದ ಗುರುತು ಹಾಕುತ್ತದೆ. ಯಾವುದು ಕೆಟ್ಟಿದೆಯೆಂದು ಅದರಿಂದಲೇ ಗೊತ್ತಾಗುವುದು. (ತಾಮ್ರಶಾಸನದ ಹಲಗೆಗಳನ್ನು ಬಳೆಗೆ ಪೋಣಿಸಿ ಮುದ್ರೆ ಒತ್ತುತ್ತಿದ್ದವರು ನಕ್ಕಾರು!)

ಆಮೇಲೆ ಡಯಲ್-ಅಪ್ ಕಾಲ. ಲೈನ್ ಕಟ್ಟಾದರೆ ಇಡೀ ಫೈಲಿನ ಬದಲು ಒಂದು ತುಂಡು ಮಾತ್ರ ಹೋಗುತ್ತಿತ್ತು. 1996ರಲ್ಲಿ ಬಂದ ಫ್ಯಾಟ್32 ವ್ಯವಸ್ಥೆಯಲ್ಲಿ ಫೈಲಿನ ಗಾತ್ರ ಬರೆಯಲು ಇರುವುದು 32 ಬಿಟ್ ಮಾತ್ರ. ಹಾಗಾಗಿ 4 ಜಿಬಿ ದಾಟುವ ಫೈಲು ಕೂರುವುದೇ ಇಲ್ಲ, ಜಾಗ ಎಷ್ಟೇ ಖಾಲಿಯಿರಲಿ. ನನ್ನ ಪೆನ್ ಡ್ರೈವ್ ಕೂಡ ಅದೇ ಜಾತಿಯದು. ಇಂದಿನ ಸ್ಟೀಮ್ ಕೂಡ ಗೇಮನ್ನು ಸುಮಾರು 1 ಎಂಬಿ ಚೂರುಗಳಾಗಿಯೇ ಕಳಿಸುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಮಾರನೇ ದಿನ ಒಂಬತ್ತನೇ ತುಂಡಿಗಾಗಿ ಮತ್ತೆ ಬಸ್ಸು ಹತ್ತಿದೆ. ತಮ್ಮನೂ ಹಟ ಮಾಡಿ ಜೊತೆಗೆ ಬಂದ. ಪೆನ್ ಡ್ರೈವ್ ದಾರಿಯುದ್ದಕ್ಕೂ ಅವನ ಮುಷ್ಟಿಯಲ್ಲೇ ಇತ್ತು.